ಅಪಸ್ಮಾರದ ಮಗುವಿಗೆ ಎರಡು ಮದ್ದು

ಅಪಸ್ಮಾರವಿರುವ ಮಗುವಿನ ಮನೆಯಲ್ಲಿ ಒಂದೇ ಮದ್ದಿಗೆ ನಿಲ್ಲದ ಕುಟುಂಬಗಳು ಮುಂಬಯಿಯಲ್ಲಿ ಬಹಳ. ಪರೇಲಿನ ಕೆ.ಇ.ಎಂ. ಅಥವಾ ವಾಡಿಯಾ ಮಕ್ಕಳ ಆಸ್ಪತ್ರೆಯ ಮಾತ್ರೆ ಒಂದು ಕಡೆ. ಊರಿನಿಂದ ಬಂದ ತಾಯಿತ, ಬ್ರಾಹ್ಮಿ ತುಪ್ಪ, ಹೋಮಿಯೋಪತಿಯ ಸಕ್ಕರೆ ಗುಳಿಗೆ, ಮಾಹಿಮ್ ದರ್ಗಾಕ್ಕೆ ಹೊತ್ತ ಹರಕೆ ಇನ್ನೊಂದು ಕಡೆ. ಇದನ್ನು ಮೌಢ್ಯವೆಂದು ತಳ್ಳಿಹಾಕಿದರೆ ಆ ಕುಟುಂಬಗಳ ಕಷ್ಟ ಅರ್ಥವಾಗುವುದಿಲ್ಲ.

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಅಂಕೆ ಮೀರಿದಾಗ ಸೆಳವು ಬರುತ್ತದೆ. ಜನರು ಅದನ್ನು ಫಿಟ್ಸ್, ಮೂರ್ಛೆ ರೋಗ ಎನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿ ಸೆಳವಿಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಮಾತ್ರೆ ವರ್ಷಗಟ್ಟಲೆ ನಡೆಯಬೇಕು. ಅದರಿಂದ ಮಗು ತೂಕಡಿಸಬಹುದು, ಓದಿನಲ್ಲಿ ಹಿಂದೆ ಬೀಳಬಹುದು. ಅಕ್ಕಪಕ್ಕದ ಖೋಲಿಯವರಿಗೆ ತಿಳಿದೀತೆಂಬ ಅಂಜಿಕೆ ಬೇರೆ. ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ: 1999ರ ತಿದ್ದುಪಡಿಯವರೆಗೆ ಹಿಂದೂ ವಿವಾಹ ಕಾಯ್ದೆಯೇ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಎಣಿಸಿತ್ತು.

ಬದಲಿ ಮದ್ದುಗಳು ಫಲಿಸಿದಂತೆ ಕಾಣುವುದಕ್ಕೆ ಕಾರಣ ರೋಗದ ಸ್ವಭಾವದಲ್ಲೇ ಇದೆ. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಅಷ್ಟರಲ್ಲಿ ಕೈಗಿತ್ತ ಬೀಗದ ಕೈಗೋ ಮೂಗಿಗೆ ಹಿಡಿದ ಈರುಳ್ಳಿಗೋ ಹೆಸರು ಬರುತ್ತದೆ. ಹರೆಯ ಬರುವಷ್ಟರಲ್ಲಿ ತಾನಾಗಿ ಹೋಗುವ ಬಾಲ್ಯದ ಅಪಸ್ಮಾರವೂ ಉಂಟು. ಆಗ ಕೊನೆಯಲ್ಲಿ ಕೊಟ್ಟ ಮದ್ದೇ ಗೆದ್ದಿತೆಂದು ಮನೆಯವರು ನಂಬುತ್ತಾರೆ.

ಆಯುರ್ವೇದಕ್ಕೆ ಈ ರೋಗ ಹೊಸದಲ್ಲ. ಚರಕ ಸಂಹಿತೆ ನಿದಾನಸ್ಥಾನದಲ್ಲೂ ಚಿಕಿತ್ಸಾಸ್ಥಾನದಲ್ಲೂ ಅಪಸ್ಮಾರಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ. ಬಜೆ, ಬ್ರಾಹ್ಮಿ, ಪಂಚಗವ್ಯ ಘೃತ ಆ ಪರಂಪರೆಯ ಮದ್ದುಗಳು. ಹೆಸರಿನ ಗೊಂದಲವೊಂದಿದೆ: ಕರಾವಳಿಯವರು ತಿಮರೆ ಎನ್ನುವ ಒಂದೆಲಗಕ್ಕೂ ಬ್ರಾಹ್ಮಿ ಎನ್ನುವುದುಂಟು, ನೀರುಬ್ರಾಹ್ಮಿ ಬೇರೆಯೇ ಗಿಡ.

ಎರಡು ಮದ್ದು ಒಟ್ಟಾದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯಲ್ಲೇ ಸಾಕ್ಷ್ಯ ಸಿಕ್ಕಿದೆ. ಸೆಳವು ತಡೆಯುವ ಫಿನಿಟಾಯಿನ್ ಮಾತ್ರೆಯ ಜೊತೆ ಶಂಖಪುಷ್ಪಿ ಪಾಕ ಸೇವಿಸುತ್ತಿದ್ದ ಇಬ್ಬರು ರೋಗಿಗಳ ರಕ್ತದಲ್ಲಿ ಫಿನಿಟಾಯಿನ್ ಪ್ರಮಾಣ ಇಳಿದದ್ದು ಇಲ್ಲಿನ ವೈದ್ಯರ ಕಣ್ಣಿಗೆ ಬಿತ್ತು. ಇಲಿಗಳ ಮೇಲೆ ಪ್ರಯೋಗ ನಡೆಸಿ ಅವರು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಂಖಪುಷ್ಪಿಗೆ ಸೆಳವು ತಡೆಯುವ ತನ್ನದೇ ಆದ ಗುಣವಿತ್ತು. ಆದರೆ ಪದೇ ಪದೇ ಜೊತೆಯಾಗಿ ಕೊಟ್ಟಾಗ ಫಿನಿಟಾಯಿನ್‌ನ ಮಟ್ಟವೂ ಕುಗ್ಗಿತು, ಶಕ್ತಿಯೂ ಕುಗ್ಗಿತು. ನೆನಪಿನ ಶಕ್ತಿಗೆಂದು ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೆ ಕುಡಿಸುವ ಪಾಕವೇ ಇದು. ಅದನ್ನು ಔಷಧವೆಂದು ಎಣಿಸದ ತಾಯಿ ವೈದ್ಯರಿಗೆ ಹೇಳದೇ ಇರುವುದು ಸಹಜ.

ನೇರ ಅಪಾಯ ತರುವ ವಸ್ತುಗಳೂ ಇವೆ. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಸೆಳವನ್ನು ಕೆರಳಿಸಬಲ್ಲವು. ಶೀತವಾದಾಗ ಮಗುವಿನ ಎದೆಗೆ ಉಜ್ಜುವ ಮುಲಾಮುಗಳಲ್ಲಿ ಹಲವು ಇವನ್ನು ಹೊಂದಿರುತ್ತವೆ. ಗಿಡಮೂಲಿಕೆಯೆಂದು ಮಾರಿದ ಕೆಲವು ಪುಡಿಗಳಲ್ಲಿ ಸೆಳವು ತಡೆಯುವ ಆಸ್ಪತ್ರೆ ಔಷಧವಾದ ಫಿನೋಬಾರ್ಬಿಟೋನ್ ಬೆರೆತಿದ್ದದ್ದು ಪರೀಕ್ಷೆಗಳಲ್ಲಿ ಬಯಲಾಗಿದೆ. ಇಂಥ ಪುಡಿ ನಿಲ್ಲಿಸಿದ ಕೂಡಲೇ ಸೆಳವು ಉಲ್ಬಣಿಸುವುದರಿಂದ ಪುಡಿಯೇ ಗುಣ ಕೊಡುತ್ತಿತ್ತೆಂಬ ಭ್ರಮೆ ಗಟ್ಟಿಯಾಗುತ್ತದೆ.

ಆಹಾರದಿಂದಲೇ ಸೆಳವು ತಡೆಯುವ ಕೀಟೋಜೆನಿಕ್ ಪಥ್ಯದ ಮಾತು ಬೇರೆ. 1921ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪಥ್ಯವನ್ನು ವೈದ್ಯ ಜನಕ್ ನಾಥನ್ ಮತ್ತು ಸಂಗಡಿಗರು ಮುಂಬಯಿಯ ಮಕ್ಕಳಿಗೆ ಅಳವಡಿಸಿ 2009ರಲ್ಲಿ ಅನುಭವ ದಾಖಲಿಸಿದರು. ಅನ್ನ, ಚಪಾತಿ, ಸಕ್ಕರೆ ತೀರ ಕಡಿಮೆ. ತುಪ್ಪ, ಕೆನೆ, ಪನೀರ್ ಹೆಚ್ಚು. ಮಾತ್ರೆಗೆ ಬಗ್ಗದ ಅಪಸ್ಮಾರಕ್ಕೆ ಇದು ಉಪಯುಕ್ತವೆಂಬುದಕ್ಕೆ ಪುರಾವೆಯಿದೆ. ಆದರೆ ಮೂತ್ರಪಿಂಡದ ಕಲ್ಲು, ಕುಂಠಿತ ಬೆಳವಣಿಗೆಯ ಸಂಭವವಿರುವುದರಿಂದ ತಜ್ಞರ ಕಣ್ಗಾವಲಿಲ್ಲದೆ ಮನೆಯಲ್ಲಿ ಆರಂಭಿಸುವಂಥದ್ದಲ್ಲ. ಯೋಗ, ಅಕ್ಯುಪಂಕ್ಚರ್‌ಗಳಿಗೆ ಅಷ್ಟು ಬಲವಾದ ಪುರಾವೆ ಇನ್ನೂ ಸಿಕ್ಕಿಲ್ಲ.

ಹರಕೆ, ಪ್ರಾರ್ಥನೆ, ತಾಯಿತ ಮಾತ್ರೆಯ ಕೆಲಸಕ್ಕೆ ಅಡ್ಡಬರುವುದಿಲ್ಲ. ಹರಕೆಯ ನಂಬಿಕೆಯಲ್ಲಿ ಮಾತ್ರೆ ನಿಲ್ಲಿಸುವುದು ಅಡ್ಡಬರುತ್ತದೆ. ಹಠಾತ್ ನಿಲುಗಡೆಯಿಂದ ನಿಲ್ಲದ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಸೆಳವು ಬಂದಾಗ ಮಗುವನ್ನು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಪಾಕ, ಪುಡಿ, ಗುಳಿಗೆ, ಎಣ್ಣೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಬೇಕು.