ಚಿನ್ನದ ಗಣಿಯ ಬಂಗಲೆ, ಬೇತಮಂಗಲದ ನೀರು

(ಭಾಷಣದ ಪಠ್ಯ)

ಹಳೆಯ ಬಂಗಲೆ, ಹಳೆಯ ಹೂದೋಟ ನೋಡಲು ಬೆಂಗಳೂರಿನವರು ಊಟಿಗೋ ನಂದಿಬೆಟ್ಟಕ್ಕೋ ಹೋಗುತ್ತಾರೆ. ಕೋಲಾರದ ಚಿನ್ನದ ಗಣಿಯ ಊರು ಅವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಜಾಗ ಅದು. ಜೊತೆಗೊಬ್ಬ ಗೆಳೆಯ ಇದ್ದರೆ ಒಳ್ಳೆಯದು. ಒಬ್ಬ ಹೂಗಿಡ ನೋಡುವಾಗ ಇನ್ನೊಬ್ಬ, ಈ ಗಿಡಕ್ಕೆ ನೀರು ಎಲ್ಲಿಂದ ಬಂತು ಎಂದು ಕೇಳಬೇಕು.

ರೈಲಿನಲ್ಲಿ ಹೊರಟರೆ ಮೊದಲು ಬಂಗಾರಪೇಟೆ. ಹೆಸರು ಕೇಳಿ ಇಲ್ಲಿಯೇ ಬಂಗಾರ ಸಿಗುತ್ತಿತ್ತೆಂದು ತಿಳಿಯಬೇಡಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ ಆಗಿತ್ತು. ಇಲ್ಲಿಂದ ಗಣಿಗೆ ಕವಲು ರೈಲುಮಾರ್ಗ ಬಂದದ್ದು 1894ರಲ್ಲಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ವಾರದ ದಿನ ಹೋದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎದುರಿನಿಂದ ಬೆಂಗಳೂರಿಗೆ ಹೋಗುವ ರೈಲು ಕಿಕ್ಕಿರಿದಿರುತ್ತದೆ. ಗಣಿ ಮುಚ್ಚಿದ ಊರಿನ ಜನ ಕೂಲಿಗೆ, ಕೆಲಸಕ್ಕೆ ದಿನವೂ ಹೋಗಿಬರುವ ದಾರಿ ಅದು.

1873ರಲ್ಲಿ ಇಲ್ಲಿ ಚಿನ್ನ ಹುಡುಕಲು ಪರವಾನಗಿ ಕೇಳಿದವನು ಐರ್ಲೆಂಡಿನ ನಿವೃತ್ತ ಸೈನಿಕ ಲವೆಲ್. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಬೆಳೆಯಿತು, ಅಧಿಕಾರಿಗಳ ಬಂಗಲೆಗಳೂ ಎದ್ದವು. ಅಗಲವಾದ ಜಗಲಿ, ಎತ್ತರದ ಮಾಡು, ಸುತ್ತ ಬೇಲಿ ಹಾಕಿದ ವಿಶಾಲ ಆವರಣ, ಹತ್ತಿರದಲ್ಲೇ ಕ್ಲಬ್ಬು, ಗಾಲ್ಫ್ ಮೈದಾನ. ‘ಪುಟ್ಟ ಇಂಗ್ಲೆಂಡ್’ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

ಆದರೆ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಇಲ್ಲಿನ ರೈತ ಮಳೆ ನೋಡಿ ರಾಗಿ ಬಿತ್ತುವವನು, ಕೆರೆ ನಂಬಿ ಬದುಕುವವನು. ಅಂಥ ನೆಲದಲ್ಲಿ ಹುಲ್ಲುಹಾಸು ಹೇಗೆ ಹಸಿರಾಗಿ ಉಳಿಯಿತು? ಉತ್ತರ ಬೇತಮಂಗಲದಲ್ಲಿದೆ. ಹಳೆಯ ಹೆಸರು ವಿಜಯಾದಿತ್ಯಮಂಗಲ. ಪಾಲಾರ್ ನದಿಯ ನೀರು ನಿಲ್ಲುವ ಅಲ್ಲಿನ ಪುರಾತನ ಕೆರೆಯಿಂದ ನೀರನ್ನು ಶುದ್ಧಿ ಮಾಡಿ, ಪಂಪು ಹಾಕಿ ಗಣಿ ಪಟ್ಟಣಕ್ಕೆ ತಂದರು. ಬಂಗಲೆ ನೋಡಿದವರು ಅಲ್ಲಿಗೂ ಹೋಗದಿದ್ದರೆ ಅರ್ಧ ಮಾತ್ರ ನೋಡಿದಂತೆ.

ವಿದ್ಯುತ್ತಿನದೂ ಇದೇ ಕಥೆ. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರ ಜೂನ್‌ನಲ್ಲಿ ಗಣಿಯ ಯಂತ್ರಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕಾವೇರಿಯ ಶಕ್ತಿ ರಾಜ್ಯದ ದೊಡ್ಡ ಪಟ್ಟಣಕ್ಕಿಂತ ಮೊದಲು ಇಲ್ಲಿಗೆ ಬಂತು!

ಇನ್ನು ಕಾರ್ಮಿಕರ ‘ಲೈನು’ಗಳು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದವರು, ಹೆಚ್ಚಿನವರು ದಲಿತರು, ಕಂಪನಿ ಕಟ್ಟಿಸಿದ ಬಿದಿರು ತಟ್ಟಿಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು. ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಆ ಆಳದಲ್ಲಿ ಬಂಡೆಯೇ ಸುಡುತ್ತಿತ್ತು, ಒತ್ತಡಕ್ಕೆ ಸಿಡಿಯುತ್ತಿತ್ತು. ಕೆಳಗೆ ಆ ಧಗೆ, ಮೇಲೆ ಗುಲಾಬಿ ತೋಟ. ಎರಡಕ್ಕೂ ಹಣ ಬಂದದ್ದು ಒಂದೇ ಅದಿರಿನಿಂದ.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, ಸಯನೈಡ್ ಮಣ್ಣಿನ ಬೂದು ಗುಡ್ಡಗಳನ್ನು ಬಿಟ್ಟುಹೋಯಿತು. ಗಾಳಿಗಾಲದಲ್ಲಿ ಆ ಧೂಳು ಏಳುತ್ತದೆ. ಅದು ಬಂಗಲೆ, ಲೈನು ಎಂದು ನೋಡುವುದಿಲ್ಲ.

ಹಳೆಯ ಬಂಗಲೆಯೊಂದನ್ನು ಉಳಿಸಿ ಜನರಿಗೆ ತೋರಿಸಬೇಕು ಎಂಬ ಮಾತಿಗೆ ಯಾರ ತಕರಾರೂ ಇರಲಾರದು. ಹಾಗೆ ಉಳಿಸುವುದಾದರೆ ಲೈನಿನ ಮನೆಯೊಂದನ್ನೂ, ಬೇತಮಂಗಲದ ನೀರಿನ ಕೊಳವೆಯನ್ನೂ ಅದೇ ಟಿಕೆಟ್ಟಿನಲ್ಲಿ ತೋರಿಸಲಿ. ಮಾರ್ಗದರ್ಶಿಯ ಕೆಲಸಕ್ಕೆ ಜನರನ್ನು ಹೊರಗಿನಿಂದ ಕರೆಸಬೇಕಾಗಿಲ್ಲ. ಗಣಿಯೊಳಗೆ ಇಳಿದವರು ಆ ಲೈನುಗಳಲ್ಲಿ ಇನ್ನೂ ಇದ್ದಾರೆ.