ಹಿತ್ತಲಿನ ಕಡೆಯಿಂದ ಒಂದು ಮನೆಯ ಚರಿತ್ರೆ



ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕಡಲತೀರದ ನಗರ ಚಾರ್ಲ್ಸ್‌ಟನ್. ಅಲ್ಲಿನ ಎಲಿಜಬೆತ್ ಬೀದಿಯಲ್ಲಿರುವ ಐಕನ್-ರೆಟ್ ಮನೆಯನ್ನು 1820ರ ಸುಮಾರಿಗೆ ಜಾನ್ ರಾಬಿನ್ಸನ್ ಎಂಬ ವರ್ತಕ ಕಟ್ಟಿಸಿದ. ಹಡಗುಗಳನ್ನು ಕಳೆದುಕೊಂಡು ನಷ್ಟಕ್ಕೀಡಾದ ಅವನಿಂದ ಅದು ಕೈಬಿಟ್ಟುಹೋಗಿ, 1827ರಲ್ಲಿ ವಿಲಿಯಂ ಐಕನ್‌ನ ಪಾಲಾಯಿತು. ಐಕನ್ ಐರ್ಲೆಂಡಿನಿಂದ ವಲಸೆ ಬಂದವನು. ವ್ಯಾಪಾರದಲ್ಲಿ ಸಿರಿವಂತನಾಗಿ ಆ ಸೀಮೆಯ ಮೊದಲ ರೈಲು ಕಂಪನಿಯ ಅಧ್ಯಕ್ಷನಾದವನು. ತಂದೆಯ ಹೆಸರನ್ನೇ ಹೊತ್ತ ಮಗ 1844ರಿಂದ 1846ರವರೆಗೆ ರಾಜ್ಯದ ಗವರ್ನರ್ ಆಗಿದ್ದ. ಅವನು ಮನೆಯನ್ನು ವಿಸ್ತರಿಸಿದ. ಯೂರೋಪಿನಿಂದ ದೀಪಗುಚ್ಛಗಳನ್ನೂ ಕಲಾಕೃತಿಗಳನ್ನೂ ತರಿಸಿ, 1858ರಲ್ಲಿ ಚಿತ್ರಶಾಲೆಯೊಂದನ್ನು ಸೇರಿಸಿದ.

ಬೀದಿಯಿಂದ ಕಾಣುವ ಚರಿತ್ರೆ ಇಷ್ಟು. ಹಿತ್ತಲಿಗೆ ಹೋದರೆ ಬೇರೆಯದೇ ಚರಿತ್ರೆ ಎದುರಾಗುತ್ತದೆ. ಎತ್ತರದ ಗೋಡೆಯೊಳಗೆ ಅಡುಗೆಯ ಕಟ್ಟಡ, ಬಟ್ಟೆ ಒಗೆಯುವ ಕೋಣೆ, ಕುದುರೆಲಾಯ. ಅವುಗಳ ಮೇಲಂತಸ್ತಿನಲ್ಲಿ ಗುಲಾಮಗಿರಿಗೆ ಒಳಪಟ್ಟವರು ಮಲಗುತ್ತಿದ್ದ ಇಕ್ಕಟ್ಟಿನ ಕೋಣೆಗಳು. ಆನ್ ಗ್ರೆಗ್ಸ್ ಮತ್ತು ಆಕೆಯ ಮಗ ಹೆನ್ರಿ, ಡೋರ್ಕಸ್ ಮತ್ತು ಸ್ಯಾಂಬೊ ರಿಚರ್ಡ್‌ಸನ್ ದಂಪತಿ: ಇಂಥ ಕೆಲವೇ ಹೆಸರುಗಳು ದಾಖಲೆಗಳಲ್ಲಿ ಉಳಿದಿವೆ. ಮನೆಯ ವೈಭವಕ್ಕೆ ಹಣ ಹರಿದುಬಂದದ್ದು ಬಹುಪಾಲು ಜೆಹೊಸಿ ದ್ವೀಪದ ಭತ್ತದ ಗದ್ದೆಗಳಿಂದ. 1860ರ ವೇಳೆಗೆ ಅಲ್ಲಿ ಸುಮಾರು 700 ಮಂದಿ ಗುಲಾಮರಾಗಿ ದುಡಿಯುತ್ತಿದ್ದರು. ಕಿರಿಯ ಐಕನ್ ದಕ್ಷಿಣ ರಾಜ್ಯಗಳು ಒಕ್ಕೂಟದಿಂದ ಸಿಡಿದುಹೋಗುವುದನ್ನು ವಿರೋಧಿಸಿದವನು. ಆದರೆ ಆ ಸೌಮ್ಯ ರಾಜಕಾರಣ ಗದ್ದೆಯ ಒಬ್ಬನೇ ಒಬ್ಬ ಆಳಿಗೂ ಬಿಡುಗಡೆ ತರಲಿಲ್ಲ.

1975ರವರೆಗೆ ಮನೆ ಆ ವಂಶದವರಲ್ಲೇ ಇತ್ತು. ಅನಂತರ ಅದು ಚಾರ್ಲ್ಸ್‌ಟನ್ ಮ್ಯೂಸಿಯಮ್ಮಿಗೆ ಸೇರಿ, 1995ರಲ್ಲಿ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಷನ್ನಿಗೆ ಬಂತು. ಸಂರಕ್ಷಕರು ಅದನ್ನು ಹೊಸದಾಗಿ ಸಿಂಗರಿಸದೆ, ದೊರೆತ ಸ್ಥಿತಿಯಲ್ಲೇ ಕಾಪಾಡುವ ದಾರಿ ಹಿಡಿದರು. ಸುಲಿದ ಗೋಡೆಕಾಗದ, ಮಾಸಿದ ಬಣ್ಣ ಹಾಗೆಯೇ ಇವೆ. ನಗರದ ಇತರ ಅನೇಕ ಮನೆಗಳಲ್ಲಿ ಹಿತ್ತಲಿನ ಕೋಣೆಗಳು ನೆಲಸಮವಾಗಿವೆ ಅಥವಾ ಅಂದದ ಅತಿಥಿಗೃಹಗಳಾಗಿವೆ. ಇಲ್ಲಿ ಅವು ಸಾಕ್ಷಿಯಾಗಿ ನಿಂತಿವೆ. ಅದೇ ಚಾರ್ಲ್ಸ್‌ಟನ್ನಿನ ನಗರಸಭೆ ಗುಲಾಮಗಿರಿಯಲ್ಲಿನ ತನ್ನ ಪಾತ್ರಕ್ಕೆ ಕ್ಷಮೆ ಕೋರಿದ್ದು 2018ರ ಜೂನ್ 19ರಂದು.

ಭತ್ತ, ಕಡಲು, ದೊಡ್ಡ ಮನೆ: ಈ ಮೂರೂ ಕನ್ನಡ ಕರಾವಳಿಗೆ ಅಪರಿಚಿತವಲ್ಲ. 1800–01ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಭೂಮಾಲೀಕರ ಬಳಿ ಗುಲಾಮರಿದ್ದುದನ್ನು ದಾಖಲಿಸಿದ್ದಾನೆ. ಅವರಿಗೆ ಅಳೆದುಕೊಡುತ್ತಿದ್ದ ಅಕ್ಕಿಯ ಲೆಕ್ಕವೂ ಅವನಲ್ಲಿದೆ. ಕಂಪನಿ ಸರ್ಕಾರದ 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ನಿರಾಕರಿಸಿತು. ಆದರೂ ಮೂಲದಾಳುಗಳ ದುಡಿಮೆ ಸಾಲದ ಹೆಸರಿನಲ್ಲಿ, ಜಾತಿಯ ಕಟ್ಟಿನಲ್ಲಿ ಮುಂದುವರಿಯಿತು. 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ದೊರೆಯಿತು. ಗೇಣಿಯೂ ಇಲ್ಲದೆ ಬರಿಯ ಕೂಲಿಗೆ ದುಡಿದವರಿಗೆ ಅದರ ಫಲ ಅಷ್ಟಾಗಿ ತಲುಪಲಿಲ್ಲ. ಚಾರ್ಲ್ಸ್‌ಟನ್ನಿನ ಗುಲಾಮಗಿರಿಯೂ ಕರಾವಳಿಯ ಜಾತಿಬಂಧನವೂ ಒಂದೇ ಅಲ್ಲ. ಅಲ್ಲಿ ಮನುಷ್ಯರನ್ನು ಸಾಗರದಾಚೆಯಿಂದ ಸೆರೆಹಿಡಿದು ತಂದು ಮಾರಲಾಯಿತು. ಇಲ್ಲಿ ಹುಟ್ಟೇ ಸೆರೆಯಾಯಿತು. ಆದರೆ ಅಂಗಳವನ್ನು ಮೆರೆಸಿ ಹಿತ್ತಲನ್ನು ಮರೆಸುವ ರೂಢಿ ಎರಡೂ ಕಡೆ ಇದೆ.

ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರು ಇಂದು ಊರಿನ ಪೂರ್ವಿಕರ ಮನೆಗಳನ್ನು ದುರಸ್ತಿ ಮಾಡಿಸುತ್ತಿದ್ದಾರೆ, ವಂಶವೃಕ್ಷಗಳನ್ನು ಬರೆಸುತ್ತಿದ್ದಾರೆ. ಅಮೆರಿಕದ ವರ್ಣಭೇದವನ್ನು ಖಂಡಿಸುವ ಅದೇ ಜನ ತಮ್ಮ ಮನೆಯ ಕಂಬಗಳ ಕೆತ್ತನೆಯನ್ನಷ್ಟೇ ಬಣ್ಣಿಸಿದರೆ ಆ ಖಂಡನೆಗೆ ಬಲವಿರುವುದಿಲ್ಲ. ಗದ್ದೆ ಉತ್ತವರು ಯಾರು, ಅವರು ಎಲ್ಲಿಯವರೆಗೆ ಬರಬಹುದಿತ್ತು, ಅವರ ಊಟ ಎಲ್ಲಿ ನಡೆಯುತ್ತಿತ್ತು, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಇವನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಆ ದುಡಿದವರ ಮನೆಗಳಲ್ಲೂ ನೆನಪುಳ್ಳವರಿದ್ದಾರೆ. ಮೊದಲು ಕೇಳಬೇಕಾದುದು ಅವರನ್ನು. ಮುಂದಿನ ಬಾರಿ ಊರಿಗೆ ಹೋದಾಗ ಆ ಮಾತುಗಳನ್ನು ಹೆಸರುಗಳ ಸಮೇತ ಬರೆದಿಟ್ಟುಕೊಳ್ಳುವವರು ನಾಲ್ಕು ಮಂದಿಯಾದರೂ ಈ ಸಭೆಯಿಂದ ಹೊರಡಲಿ.