ತೀರ್ಪಿನ ಮೇಲೆ ಸರ್ಕಾರಿ ವಕೀಲರು

ಅಕ್ಕತಂಗಿಯರೆ, ವರದಕ್ಷಿಣೆ ಸಾವಿನಲ್ಲಿ ಶಿಕ್ಷೆಯಾದ ಗಂಡ ಅವಧಿಗೆ ಮುಂಚೆ ಊರಿಗೆ ಬಂದರೆ ಸರ್ಕಾರಿ ವಕೀಲರೇ ಬಿಡಿಸಿದರು ಎನ್ನುತ್ತೇವೆ. ಹಾಗಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಅವರೇ ಹಳೆಯ ಶಿಕ್ಷೆ ಇಳಿಸಲು ಕೋರ್ಟನ್ನು ಕೇಳಬಹುದು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸರ್ಕಾರಿ ವಕೀಲರಿಗೆ ಆ ಅಧಿಕಾರವಿಲ್ಲ. ಇಲ್ಲಿ ಮಾಫಿ ಮಾಡುವುದು ಸರ್ಕಾರ. ಆ ಮಾಫಿಯನ್ನೂ ಪ್ರಶ್ನಿಸಬಹುದು: ಗುಜರಾತ್ ಸರ್ಕಾರ 2022ರಲ್ಲಿ ಬಿಟ್ಟ 11 ಅಪರಾಧಿಗಳನ್ನು, ಬಿಲ್ಕಿಸ್ ಬಾನು ಅರ್ಜಿ ಹಾಕಿದ ಮೇಲೆ, 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಮತ್ತೆ ಜೈಲಿಗೆ ಕಳಿಸಿತು.

ಶಿಕ್ಷೆಯೇ ಕಡಿಮೆಯಾಯಿತೆಂದು ಮೇಲ್ಮನವಿ ಹಾಕಲು ಮಾತ್ರ ಸತ್ತವಳ ತಾಯಿಗೆ ಕಾನೂನು ಹಕ್ಕು ಕೊಟ್ಟಿಲ್ಲ. ಇದು ನನಗೆ ಅನ್ಯಾಯವೆನಿಸುತ್ತದೆ. ಸರ್ಕಾರವೇ ತನ್ನ ವಕೀಲರ ಮೂಲಕ ಹೋಗಬೇಕು. ಆದ್ದರಿಂದ ತೀರ್ಪಾದ ವಾರದಲ್ಲೇ ಸಂಘದ ನಾಲ್ಕೈದು ಜನ ಅವರ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ.